ಸಿದ್ಧ ಮಾದರಿಯ ಕರಾರು ಪತ್ರಗಳು: ಸಹಿ ಹಾಕುವ ಮುನ್ನ ತಿಳಿಯತಕ್ಕ ವಿಷಯಗಳು

ವ್ಯಾಪಾರವನ್ನಾಗಲಿ, ಸಣ್ಣ ಉದ್ಯಮವನ್ನಾಗಲಿ, ಸೇವಾ ವೃತ್ತಿಯನ್ನಾಗಲಿ ಕೈಗೊಂಡವರು ಒಂದಲ್ಲ ಒಂದು ದಿನ ಕರಾರು ಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ. ಮಳಿಗೆಯನ್ನು ಬಾಡಿಗೆಗೆ ಪಡೆಯುವಾಗ, ಪಾಲುದಾರರನ್ನು ಸೇರಿಸಿಕೊಳ್ಳುವಾಗ, ಕಾರ್ಖಾನೆಗೆ ಸಾಮಗ್ರಿಗಳನ್ನು ಪೂರೈಸಲು ಒಪ್ಪಿಕೊಳ್ಳುವಾಗ, ಮುಂಬಯಿಯಂತಹ ನಗರದಲ್ಲಿ ಹೋಟೆಲೊಂದನ್ನು 'ಕಂಡಕ್ಟಿಂಗ್' ಮೇಲೆ ವಹಿಸಿಕೊಳ್ಳುವಾಗ ಲಿಖಿತ ಕರಾರು ಬೇಕಾಗುತ್ತದೆ. ಇಂತಹ ಪತ್ರವನ್ನು ಮೊದಲ ಅಕ್ಷರದಿಂದ ಹೊಸದಾಗಿ ಬರೆಯಿಸುವವರು ವಿರಳ. ದಸ್ತಾವೇಜು ಬರಹಗಾರರ ಬಳಿ, ನ್ಯಾಯಾಲಯದ ಸಮೀಪದ ಬೆರಳಚ್ಚು ಅಂಗಡಿಯಲ್ಲಿ, ಪರಿಚಿತರ ಗಣಕಯಂತ್ರದಲ್ಲಿ, ಎದುರು ಪಕ್ಷದ ಕಚೇರಿಯಲ್ಲಿ ಸಿದ್ಧ ಮಾದರಿಯೊಂದು ಇದ್ದೇ ಇರುತ್ತದೆ. ಹೆಸರು, ವಿಳಾಸ, ಮೊತ್ತ, ದಿನಾಂಕ ಇವಿಷ್ಟನ್ನು ತುಂಬಿದರೆ ಕರಾರು ಸಿದ್ಧವಾಯಿತೆಂದು ಭಾವಿಸಲಾಗುತ್ತದೆ.

ಖಾಲಿ ಜಾಗಗಳನ್ನು ಇಬ್ಬರೂ ಎಚ್ಚರಿಕೆಯಿಂದ ಓದುತ್ತಾರೆ. ಅಲ್ಲಿ ತಪ್ಪು ನುಸುಳುವುದು ಅಪರೂಪ. ತೊಡಕು ಹುಟ್ಟುವುದು ಮೊದಲೇ ಮುದ್ರಿತವಾಗಿರುವ, ಯಾರೂ ಓದದ ಭಾಗದಿಂದ. ಏಕೆಂದರೆ ಪ್ರತಿಯೊಂದು ಮಾದರಿಯೂ ಹಿಂದೆ ಯಾರೋ ಇಬ್ಬರ ನಡುವೆ ಯಾವುದೋ ವ್ಯವಹಾರಕ್ಕಾಗಿ ನಡೆದ ಚೌಕಾಶಿಯ ಫಲ. ಆ ವ್ಯವಹಾರ ಬೇರೆ, ನಮ್ಮ ವ್ಯವಹಾರ ಬೇರೆ ಎಂಬುದನ್ನು ಮರೆತಾಗ ಬೇರೊಬ್ಬರ ಹೊಣೆಯು ನಮ್ಮ ಹೆಗಲಿಗೆ ಬರುತ್ತದೆ.

ಮಾದರಿಯ ಉಪಯೋಗ

ಹಾಗೆಂದು ಸಿದ್ಧ ಮಾದರಿಗಳನ್ನು ಬಳಸಲೇಬಾರದೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಕೇಂದ್ರ ಸರ್ಕಾರವೇ ತನ್ನ ಖರೀದಿ ಮತ್ತು ಕಾಮಗಾರಿಗಳಲ್ಲಿ ಮಾದರಿ ನಮೂನೆಗಳನ್ನು ಅನುಸರಿಸುತ್ತದೆ. ಸಾಮಾನ್ಯ ಹಣಕಾಸು ನಿಯಮಗಳು, 2017ರ 225ನೇ ನಿಯಮವು ಸಾಧ್ಯವಿರುವಲ್ಲೆಲ್ಲ ಕರಾರಿನ ಮಾದರಿ ನಮೂನೆಗಳನ್ನೇ ಬಳಸಬೇಕೆಂದು ಹೇಳುತ್ತದೆ. ಆದರೆ ಅದೇ ನಿಯಮವು ಆಯಾ ಕರಾರಿಗೆ ಅಗತ್ಯವಾದ ಮಾರ್ಪಾಡುಗಳಿಗೂ ಅವಕಾಶ ನೀಡಿ, ಅಂತಹ ಮಾರ್ಪಾಡನ್ನು ಕಾನೂನು ಮತ್ತು ಹಣಕಾಸು ಸಲಹೆ ಪಡೆದ ನಂತರವೇ ಮಾಡತಕ್ಕದ್ದೆಂದು ವಿಧಿಸುತ್ತದೆ. ಮಾದರಿಯನ್ನು ಬಳಸುವುದರ ಜೊತೆಗೆ ಅದನ್ನು ಕಂಡಕಂಡಂತೆ ತಿದ್ದದಿರುವುದೂ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

ಮಾದರಿಯ ನಿಜವಾದ ಪ್ರಯೋಜನವೆಂದರೆ ಅದು ನಾವು ಮರೆಯಬಹುದಾದ ವಿಷಯಗಳನ್ನು ನೆನಪಿಸುತ್ತದೆ. ಸರಕು ದಾರಿಯಲ್ಲಿ ಹಾಳಾದರೆ ನಷ್ಟ ಯಾರದು, ಪಾಲುದಾರರು ನಿಧನರಾದರೆ ಸಂಸ್ಥೆಯ ಗತಿಯೇನು, ಕರಾರನ್ನು ಮುಗಿಸಲು ಎಷ್ಟು ದಿನಗಳ ಸೂಚನೆ ಕೊಡಬೇಕು ಎಂಬಂತಹ ಪ್ರಶ್ನೆಗಳು ಸ್ನೇಹದಿಂದ ವ್ಯವಹಾರ ಆರಂಭಿಸುವ ದಿನ ಯಾರಿಗೂ ಹೊಳೆಯುವುದಿಲ್ಲ. ಬರೆಯದೆ ಬಿಟ್ಟ ವಿಷಯದಲ್ಲಿ ಕಾನೂನು ತಾನೇ ಉತ್ತರ ಕೊಡುತ್ತದೆ, ಆದರೆ ಆ ಉತ್ತರ ನಾವು ಬಯಸಿದ್ದಾಗಿರಬೇಕೆಂದಿಲ್ಲ. ಉದಾಹರಣೆಗೆ, ಲಾಭ ಹಂಚಿಕೆಯ ಪ್ರಮಾಣವನ್ನು ಪಾಲುದಾರಿಕೆ ಪತ್ರದಲ್ಲಿ ಬರೆಯದಿದ್ದರೆ, ಒಬ್ಬರು ಹತ್ತು ಲಕ್ಷ ಹಾಕಿ ಮತ್ತೊಬ್ಬರು ಒಂದು ಲಕ್ಷ ಹಾಕಿದ್ದರೂ, ಭಾರತೀಯ ಪಾಲುದಾರಿಕೆ ಅಧಿನಿಯಮ, 1932ರ 13ನೇ ಕಲಮಿನ ಪ್ರಕಾರ ಲಾಭವೂ ನಷ್ಟವೂ ಸಮಪಾಲು.

ಯಾರಿಗಾಗಿ ಬರೆದ ಮಾದರಿ?

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಪುಣೆಯ ಹೊರವಲಯದಲ್ಲಿ ಕರಾವಳಿ ಮೂಲದ ಕನ್ನಡಿಗರೊಬ್ಬರು ಅಡುಗೆ ಕೇಂದ್ರವನ್ನು ನಡೆಸುತ್ತಿದ್ದಾರೆ. ಸಮೀಪದ ಕಾರ್ಖಾನೆಯೊಂದು ತನ್ನ 300 ಮಂದಿ ಕಾರ್ಮಿಕರಿಗೆ ಮಧ್ಯಾಹ್ನದ ಊಟ ಒದಗಿಸುವ ಗುತ್ತಿಗೆಯನ್ನು ಅವರಿಗೆ ಕೊಡಲು ಒಪ್ಪುತ್ತದೆ. ಊಟವೊಂದಕ್ಕೆ 70 ರೂಪಾಯಿ. ತಿಂಗಳಿಗೆ 26 ದಿನ. ಅಂದರೆ ತಿಂಗಳ ಬಿಲ್ಲು 5,46,000 ರೂಪಾಯಿ. ಕಾರ್ಖಾನೆಯ ಆಡಳಿತ ವಿಭಾಗವು ಹನ್ನೆರಡು ಪುಟಗಳ ಕರಾರನ್ನು ಮುಂದಿಡುತ್ತದೆ. ದರ ಸರಿಯಿದೆ, ಹೆಸರು ಸರಿಯಿದೆ, ಅವಧಿ ಮೂರು ವರ್ಷ. ಸಹಿ ಹಾಕುವಂತೆ ಅವರಿಗೆ ತಿಳಿಸಲಾಗುತ್ತದೆ.

ಈ ಪತ್ರವನ್ನು ನಿಧಾನವಾಗಿ ಓದಿದರೆ ಏಳನೇ ಪುಟದಲ್ಲಿ ವಿಚಿತ್ರವಾದ ಒಂದು ಷರತ್ತು ಕಾಣುತ್ತದೆ: ಕಾರ್ಖಾನೆಯ ಆವರಣದಲ್ಲಿ ಯಾವುದೇ ವಸ್ತು ಕಳವಾದಲ್ಲಿ ಅದರ ಪೂರ್ಣ ಮೌಲ್ಯವನ್ನು ಗುತ್ತಿಗೆದಾರರೇ ಭರಿಸತಕ್ಕದ್ದು. ಅಡುಗೆಯವರಿಗೂ ಕಳವಿಗೂ ಏನು ಸಂಬಂಧ? ವಾಸ್ತವವಾಗಿ ಆ ಪತ್ರವು ಮೊದಲು ಕಾವಲುಗಾರರನ್ನು ಒದಗಿಸುವ ಸಂಸ್ಥೆಯೊಂದಕ್ಕೆ ಸಿದ್ಧಪಡಿಸಿದ್ದು. ಗುಮಾಸ್ತರು 'ಕಾವಲುಗಾರರು' ಎಂಬಲ್ಲಿ 'ಊಟ' ಎಂದು ಬದಲಿಸುತ್ತ ಹೋಗಿದ್ದಾರೆ. ಈ ಷರತ್ತಿನಲ್ಲಿ ಆ ಪದವೇ ಇಲ್ಲದ್ದರಿಂದ ಅದು ಹಾಗೆಯೇ ಉಳಿದಿದೆ. ಕಾವಲು ಸಂಸ್ಥೆಗೆ ಇದು ಸಹಜವಾದ ಹೊಣೆ. ಅದಕ್ಕೆ ತಕ್ಕ ಶುಲ್ಕವನ್ನೂ ಅದು ಪಡೆದಿರುತ್ತದೆ. ಊಟ ಒದಗಿಸುವವರಿಗೆ ಇದು ಅನಿರೀಕ್ಷಿತ ಅಪಾಯ. ಯಾರ ದುರುದ್ದೇಶವೂ ಇಲ್ಲಿಲ್ಲ, ಆದರೆ ಸಹಿಯಾದ ಮೇಲೆ ಅದು ಕರಾರಿನ ಷರತ್ತೇ ಆಗುತ್ತದೆ.

ಹಣ ಪಾವತಿಯ ಷರತ್ತನ್ನು ನೋಡೋಣ. ಬಿಲ್ಲು ಸಲ್ಲಿಸಿದ 90 ದಿನಗಳ ಒಳಗೆ ಪಾವತಿ ಎಂದಿದೆ. ಮೊದಲ ತಿಂಗಳ ಬಿಲ್ಲು ತಿಂಗಳ ಕೊನೆಗೆ ಹೋಗಿ, ಹಣ ನಾಲ್ಕನೆಯ ತಿಂಗಳ ಕೊನೆಗೆ ಬರುತ್ತದೆ. ಅಷ್ಟರಲ್ಲಿ ನಾಲ್ಕು ತಿಂಗಳ ಊಟ, ಅಂದರೆ 21,84,000 ರೂಪಾಯಿ ಮೌಲ್ಯದ ಊಟ, ಬಡಿಸಿ ಆಗಿರುತ್ತದೆ. ಅಕ್ಕಿ, ಬೇಳೆ, ಅನಿಲ, ಕೆಲಸಗಾರರ ಸಂಬಳ ಯಾವುದೂ ಕಾಯುವುದಿಲ್ಲ. ಸಣ್ಣ ಬಂಡವಾಳದವರು ಇಲ್ಲಿಯೇ ಸಾಲಕ್ಕೆ ಬೀಳುವುದು.

ಈ ವಿಷಯದಲ್ಲಿ ಕಾನೂನು ಸಣ್ಣ ಪೂರೈಕೆದಾರರ ನೆರವಿಗಿದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ 15ನೇ ಕಲಮಿನಂತೆ, ಪೂರೈಕೆದಾರರು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದಲ್ಲಿ, ಕರಾರಿನಲ್ಲಿ ಏನೇ ಬರೆದಿದ್ದರೂ ಪಾವತಿಯ ಅವಧಿಯು ಸರಕು ಅಥವಾ ಸೇವೆಯನ್ನು ಸ್ವೀಕರಿಸಿದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಅವಧಿಯನ್ನು ಬರೆಯದೇ ಇದ್ದಲ್ಲಿ 15 ದಿನ. ತಡವಾದರೆ 16ನೇ ಕಲಮಿನ ಪ್ರಕಾರ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ, ಕೊಡಬೇಕಾಗುತ್ತದೆ. ಈ ರಕ್ಷಣೆಯನ್ನು ಬಯಸುವವರು 'ಉದ್ಯಮ್' ನೋಂದಣಿಯನ್ನು ಕರಾರಿಗೆ ಸಹಿ ಹಾಕುವ ಮುನ್ನವೇ ಮಾಡಿಸಿಕೊಂಡು, ಅದರ ಸಂಖ್ಯೆಯನ್ನು ಕರಾರಿನಲ್ಲೂ ಬಿಲ್ಲುಗಳಲ್ಲೂ ನಮೂದಿಸುವುದು ಸುರಕ್ಷಿತ. 90 ದಿನಗಳ ಮಾದರಿಯನ್ನು ಕಾರ್ಖಾನೆಯವರು ಬಹುಶಃ ತಮ್ಮ ದೊಡ್ಡ ಪೂರೈಕೆದಾರರಿಗಾಗಿ ಮಾಡಿಟ್ಟಿರುತ್ತಾರೆ. ಅದನ್ನು ಮೊದಲೇ ತೋರಿಸಿಕೊಟ್ಟರೆ ತಿದ್ದಲು ಅವರು ಹಿಂಜರಿಯಬೇಕಾದ ಕಾರಣವಿಲ್ಲ.

ದಂಡದ ಷರತ್ತು ಇನ್ನೂ ಸೂಕ್ಷ್ಮವಾದದ್ದು. ಒಂದು ದಿನ ಊಟ ತಡವಾದರೆ ಆ ತಿಂಗಳ ಬಿಲ್ಲಿನಲ್ಲಿ ಶೇಕಡಾ 10 ಕಡಿತ ಎಂದಿದೆ ಎನ್ನೋಣ. ಮಳೆಗಾಲದಲ್ಲಿ ವಾಹನ ಅರ್ಧ ಗಂಟೆ ಸಿಕ್ಕಿಬಿದ್ದರೆ 54,600 ರೂಪಾಯಿ ಹೋಯಿತು. ಭಾರತೀಯ ಕರಾರು ಅಧಿನಿಯಮ, 1872ರ 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ಬರೆದ ದಂಡದ ಮೊತ್ತವು ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಮಂಜಸವಾದ ಪರಿಹಾರವಷ್ಟೇ ಸಲ್ಲತಕ್ಕದ್ದು. ಸರ್ವೋಚ್ಚ ನ್ಯಾಯಾಲಯವು 1963ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ. ಆದರೆ ಹಣ ಯಾರ ಕೈಯಲ್ಲಿದೆ ಎಂಬುದನ್ನು ಮರೆಯಬಾರದು. ಕಾರ್ಖಾನೆಯವರು ಬಿಲ್ಲಿನಲ್ಲೇ ಹಿಡಿದುಕೊಂಡರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದವರು ಅಡುಗೆಯವರು. ಆದುದರಿಂದ ದಂಡದ ಷರತ್ತನ್ನು ನ್ಯಾಯಾಲಯ ಸರಿಪಡಿಸುತ್ತದೆಂದು ನಂಬಿ ಸಹಿ ಹಾಕುವುದಕ್ಕಿಂತ, ತಡವಾದ ಆ ದಿನದ ಊಟದ ಬೆಲೆಗೆ ಮಾತ್ರ ಕಡಿತವನ್ನು ಸೀಮಿತಗೊಳಿಸುವಂತೆ ಮೊದಲೇ ಕೇಳುವುದು ಲೇಸು.

ಬೆಲೆ ಏರಿಕೆಯ ವಿಷಯ ಉಳಿಯಿತು. ಮೂರು ವರ್ಷ ದರ ಬದಲಾಗದೆಂದು ಬರೆದಿದ್ದರೆ, ಬೇಳೆಯ ಬೆಲೆ ಇಮ್ಮಡಿಯಾದರೂ ಅದೇ ದರಕ್ಕೆ ಊಟ ಕೊಡಬೇಕು. ಪರಿಸ್ಥಿತಿ ಬದಲಾಯಿತು, ಕರಾರು ನೆರವೇರಿಸಲು ಅಸಾಧ್ಯವಾಯಿತು ಎಂಬ ವಾದ ಇಲ್ಲಿ ನಿಲ್ಲುವುದು ಕಷ್ಟ. ಇಂಡೋನೇಷ್ಯಾದ ಕಲ್ಲಿದ್ದಲಿನ ಬೆಲೆ ಏರಿದ್ದರಿಂದ ವಿದ್ಯುತ್ ಪೂರೈಕೆಯ ಕರಾರಿನಿಂದ ಬಿಡುಗಡೆ ಬೇಕೆಂದು ಕೇಳಿದ ಕಂಪನಿಗಳಿಗೆ, ನಿರ್ವಹಣೆ ದುಬಾರಿಯಾದ ಮಾತ್ರಕ್ಕೆ ಕರಾರು ವಿಫಲವಾಗದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು. ವರ್ಷಕ್ಕೊಮ್ಮೆ ದರ ಪರಿಷ್ಕರಿಸುವ ಒಂದು ಸಾಲು ಕರಾರಿನಲ್ಲಿದ್ದರೆ ಈ ಚಿಂತೆಯೇ ಇಲ್ಲ. ಅನಿವಾರ್ಯ ಘಟನೆಗಳ ಷರತ್ತನ್ನೂ ಇದೇ ಜೊತೆಯಲ್ಲಿ ನೋಡಬೇಕು. ಹಳೆಯ ಮಾದರಿಗಳಲ್ಲಿ ಯುದ್ಧ, ಭೂಕಂಪ, ಪ್ರವಾಹ ಇರುತ್ತವೆ. ಸಾಂಕ್ರಾಮಿಕ ರೋಗವಾಗಲಿ ಸರ್ಕಾರದ ನಿರ್ಬಂಧವಾಗಲಿ ಇರುವುದಿಲ್ಲ. 2020ರ ಫೆಬ್ರವರಿ 19ರಂದು ಕೇಂದ್ರ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆಯು, ಕೊರೊನಾ ವೈರಾಣುವಿನಿಂದ ಪೂರೈಕೆಗೆ ಉಂಟಾದ ಅಡ್ಡಿಯನ್ನು ನೈಸರ್ಗಿಕ ವಿಪತ್ತೆಂದು ಪರಿಗಣಿಸಬೇಕೆಂದು ಪ್ರತ್ಯೇಕ ಜ್ಞಾಪನವನ್ನೇ ಹೊರಡಿಸಬೇಕಾಯಿತು. ಅದು ಸರ್ಕಾರಿ ಖರೀದಿಗೆ ಸಂಬಂಧಿಸಿದ್ದು. ಖಾಸಗಿ ಕರಾರುಗಳಲ್ಲಿ ಬರೆದ ಮಾತೇ ಆಧಾರ.

ಹಳಸಿದ ಮಾದರಿ, ಪರದೇಶದ ಮಾದರಿ

ಮಾದರಿಯ ವಯಸ್ಸನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಅದರಲ್ಲಿ ಉಲ್ಲೇಖಿಸಿರುವ ಕಾನೂನುಗಳ ಹೆಸರನ್ನು ನೋಡಿದರೆ ಸಾಕು. ಮಾರಾಟ ತೆರಿಗೆ, ಸೇವಾ ತೆರಿಗೆ, ಜಕಾತಿ ಎಂದಿದ್ದರೆ ಅದು 2017ರ ಜುಲೈ 1ಕ್ಕೆ, ಅಂದರೆ ಸರಕು ಮತ್ತು ಸೇವಾ ತೆರಿಗೆಗೆ, ಮುಂಚಿನದು. ಕಂಪನಿ ಅಧಿನಿಯಮ, 1956 ಎಂದಿದ್ದರೆ 2013ರ ಅಧಿನಿಯಮಕ್ಕಿಂತ ಹಿಂದಿನದು. ಗುತ್ತಿಗೆ ಕಾರ್ಮಿಕರ 1970ರ ಅಧಿನಿಯಮ, ಬೋನಸ್ ಪಾವತಿಯ 1965ರ ಅಧಿನಿಯಮ ಮುಂತಾದವನ್ನು ಹೆಸರಿಸುವ ಮಾದರಿಗಳನ್ನು, ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವುದರಿಂದ, ಪರಿಷ್ಕರಿಸಬೇಕಾಗಿದೆ. ರದ್ದಾದ ಕಾನೂನಿನ ಹೆಸರಿದ್ದ ಮಾತ್ರಕ್ಕೆ ಕರಾರು ಕೆಡುವುದಿಲ್ಲವೆಂಬುದು ನಿಜ. ಆದರೆ ದರದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಇಲ್ಲದ ತೆರಿಗೆಯ ಹೆಸರಿನಲ್ಲಿ ಬಗೆಹರಿಸಲು ಹೊರಟರೆ ಜಗಳ ಖಂಡಿತ.

ಮಧ್ಯಸ್ಥಿಕೆಯ ಷರತ್ತಿನಲ್ಲಿ ಈ ತೊಂದರೆ ಹೆಚ್ಚು. 1940ರ ಮಧ್ಯಸ್ಥಿಕೆ ಅಧಿನಿಯಮವನ್ನು ಉಲ್ಲೇಖಿಸುವ ನಮೂನೆಗಳು ಇಂದಿಗೂ ಕೈಯಿಂದ ಕೈಗೆ ಸಾಗುತ್ತಿವೆ. ಅದರ ಸ್ಥಾನದಲ್ಲಿ ಮಧ್ಯಸ್ಥಿಕೆ ಮತ್ತು ಸಂಧಾನ ಅಧಿನಿಯಮ ಬಂದದ್ದು 1996ರಲ್ಲಿ. 'ವಿವಾದ ಉಂಟಾದಲ್ಲಿ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರು ನೇಮಿಸಿದ ಏಕೈಕ ಮಧ್ಯಸ್ಥಗಾರರ ತೀರ್ಮಾನವೇ ಅಂತಿಮ' ಎಂಬ ಸಾಲು ಹಳೆಯ ಮಾದರಿಗಳಲ್ಲಿ ಸರ್ವೇಸಾಮಾನ್ಯ. ವಿವಾದದ ಫಲಿತಾಂಶದಲ್ಲಿ ಹಿತಾಸಕ್ತಿ ಇರುವ ವ್ಯಕ್ತಿಯು ಏಕೈಕ ಮಧ್ಯಸ್ಥಗಾರರನ್ನು ನೇಮಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿತು. 2024ರ ನವೆಂಬರ್ 8ರಂದು ಐವರು ನ್ಯಾಯಾಧೀಶರ ಸಂವಿಧಾನ ಪೀಠವು, ಸರ್ಕಾರಿ ಸಂಸ್ಥೆಗಳು ಖಾಸಗಿಯವರೊಡನೆ ಮಾಡಿಕೊಳ್ಳುವ ಕರಾರುಗಳಲ್ಲಿ ಇಂತಹ ಏಕಪಕ್ಷೀಯ ನೇಮಕದ ಷರತ್ತು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ತೀರ್ಮಾನಿಸಿತು. ಹಳೆಯ ಸಾಲನ್ನು ಹಾಗೆಯೇ ಉಳಿಸಿಕೊಂಡ ಕರಾರಿನಲ್ಲಿ, ಮೂಲ ವಿವಾದಕ್ಕೆ ಮೊದಲು ಮಧ್ಯಸ್ಥಗಾರರ ನೇಮಕವೇ ಒಂದು ವಿವಾದವಾಗುತ್ತದೆ.

ಅಂತರಜಾಲದಲ್ಲಿ ಸಿಗುವ ಮಾದರಿಗಳ ಪೈಕಿ ಬಹಳಷ್ಟು ಅಮೆರಿಕ ಅಥವಾ ಇಂಗ್ಲೆಂಡಿನವು. ನ್ಯೂಯಾರ್ಕ್ ಅಥವಾ ಡೆಲಾವೇರ್ ರಾಜ್ಯದ ಕಾನೂನು ಅನ್ವಯವಾಗತಕ್ಕದ್ದೆಂಬ ಸಾಲು ಹೈದರಾಬಾದಿನ ಇಬ್ಬರು ವ್ಯಾಪಾರಿಗಳ ಕರಾರಿನಲ್ಲಿ ಇದ್ದರೆ ನಗು ಬರುತ್ತದೆ. ಅದನ್ನು ಕಂಡುಹಿಡಿಯುವುದೂ ಸುಲಭ. ಕಾಣದೆ ಉಳಿಯುವುದು ಬೇರೆ ಷರತ್ತುಗಳು. ಕೆಲಸ ಬಿಟ್ಟ ನೌಕರರು ಎರಡು ವರ್ಷ ಅದೇ ಬಗೆಯ ಉದ್ಯೋಗ ಮಾಡಕೂಡದೆಂಬ ನಿರ್ಬಂಧ ಅಂತಹದು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದಕ್ಕೆ ಮಾನ್ಯತೆ ಇದೆ. ಭಾರತದಲ್ಲಿ ಕರಾರು ಅಧಿನಿಯಮದ 27ನೇ ಕಲಮು ವ್ಯಾಪಾರ, ವೃತ್ತಿ, ಉದ್ಯೋಗಗಳನ್ನು ತಡೆಯುವ ಒಪ್ಪಂದಗಳು ಆ ಮಟ್ಟಿಗೆ ಅನೂರ್ಜಿತವೆಂದು ಹೇಳುತ್ತದೆ. ವ್ಯಾಪಾರದ ಸುನಾಮವನ್ನು ಮಾರಿದಾಗ ಮಾತ್ರ, ಸಮಂಜಸವಾದ ಮಿತಿಯಲ್ಲಿ, ವಿನಾಯಿತಿ ಇದೆ. ಈ ಷರತ್ತನ್ನು ನಂಬಿ ತನ್ನ ಅಡುಗೆಯವರಿಗೆ ಎಲ್ಲ ಗುಟ್ಟುಗಳನ್ನೂ ಕಲಿಸಿದ ಮಾಲೀಕರಿಗೆ, ಅವರು ಎದುರು ರಸ್ತೆಯಲ್ಲೇ ಅಂಗಡಿ ತೆರೆದ ದಿನ ಆ ಕಾಗದದಿಂದ ಪ್ರಯೋಜನವಿಲ್ಲ.

ಹಾಗೆಯೇ, ಮೂರು ತಿಂಗಳೊಳಗೆ ಬೇಡಿಕೆ ಸಲ್ಲಿಸದಿದ್ದರೆ ಹಕ್ಕು ನಶಿಸುತ್ತದೆ ಎಂಬ ಷರತ್ತು ಮೊದಲು ಬಹಳ ಪ್ರಚಲಿತವಾಗಿತ್ತು. 1997ರ ಜನವರಿ 8ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ 28ನೇ ಕಲಮಿನ ಪ್ರಕಾರ ಅಂತಹ ಷರತ್ತು ಆ ಮಟ್ಟಿಗೆ ಅನೂರ್ಜಿತ. ಬ್ಯಾಂಕ್ ಖಾತರಿಗಳಿಗೆ ಮಾತ್ರ ಪ್ರತ್ಯೇಕ ನಿಯಮವಿದೆ.

ನ್ಯಾಯಾಲಯ ಎಷ್ಟರ ಮಟ್ಟಿಗೆ ಕಾಪಾಡೀತು?

ಮುದ್ರಿತ ಷರತ್ತು ಅನ್ಯಾಯವಾಗಿದ್ದರೆ ನ್ಯಾಯಾಲಯ ಅದನ್ನು ಒಪ್ಪುವುದಿಲ್ಲವೆಂಬ ನಂಬಿಕೆ ಜನರಲ್ಲಿದೆ. ಇದು ಅರ್ಧ ಸತ್ಯ. ಮದ್ರಾಸ್ ಉಚ್ಚ ನ್ಯಾಯಾಲಯದ ಮುಂದೆ ಬಂದ ಒಗೆತದ ಅಂಗಡಿಯ ಮೊಕದ್ದಮೆ ಪ್ರಸಿದ್ಧವಾದದ್ದು. ಅದರ ತೀರ್ಪು 1966ರ ವರದಿಯಲ್ಲಿ ಪ್ರಕಟವಾಗಿದೆ. ಒಗೆಯಲು ಕೊಟ್ಟ ಹೊಸ ಸೀರೆ ಕಳೆದುಹೋಯಿತು. ರಸೀದಿಯ ಮೇಲೆ, ಬಟ್ಟೆ ಕಳೆದರೆ ಬೆಲೆಯ ಶೇಕಡಾ 15 ಮಾತ್ರ ಕೊಡಲಾಗುವುದೆಂದು ಅಚ್ಚಾಗಿತ್ತು. ಹಾಗಾದರೆ ಅಂಗಡಿಯವರು ಹೊಸ ಬಟ್ಟೆಯನ್ನು ಅಲ್ಪ ಬೆಲೆಗೆ ದಕ್ಕಿಸಿಕೊಳ್ಳಲು ಅನುಕೂಲವಾಗುತ್ತದೆಂದು ಕಂಡ ನ್ಯಾಯಾಲಯ, ಆ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧವೆಂದು ತಳ್ಳಿಹಾಕಿತು.

1986ರಲ್ಲಿ ಕೇಂದ್ರ ಒಳನಾಡು ಜಲಸಾರಿಗೆ ನಿಗಮದ ನೌಕರರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಕಾರಣ ಕೊಡದೆ ಮೂರು ತಿಂಗಳ ಸೂಚನೆಯ ಮೇಲೆ ಕಾಯಂ ನೌಕರರನ್ನು ತೆಗೆದುಹಾಕುವ ನಿಯಮ ಅನೂರ್ಜಿತವೆಂದಿತು. ಅಸಮಾನ ಬಲದ ಪಕ್ಷಕಾರರ ನಡುವೆ, ಒಬ್ಬರಿಗೆ ಒಪ್ಪುವುದನ್ನು ಬಿಟ್ಟು ಬೇರೆ ಗತಿಯಿಲ್ಲದಿರುವಾಗ, ಚುಕ್ಕೆ ಗೆರೆಯ ಮೇಲೆ ಸಹಿ ಪಡೆದ ಅನುಚಿತ ಕರಾರನ್ನು ಜಾರಿಗೊಳಿಸಲಾಗದು ಎಂಬುದು ಅದರ ತಿರುಳು. ಆದರೆ ಅದೇ ತೀರ್ಪಿನಲ್ಲಿ, ಇಬ್ಬರೂ ವ್ಯಾಪಾರಿಗಳಾಗಿದ್ದು ಕರಾರು ವಾಣಿಜ್ಯ ವ್ಯವಹಾರವಾಗಿದ್ದರೆ ಈ ತತ್ವ ಅನ್ವಯಿಸದಿರಬಹುದೆಂದೂ ಹೇಳಿದೆ. ಸೀರೆ ಕಳೆದುಕೊಂಡ ಗ್ರಾಹಕರಿಗೆ, ಉದ್ಯೋಗ ಕಳೆದುಕೊಂಡ ನೌಕರರಿಗೆ ದೊರೆತ ಆಶ್ರಯ ಅಡುಗೆ ಗುತ್ತಿಗೆದಾರರಿಗೆ ದೊರೆಯುವುದೆಂದು ಹೇಳಲಾಗದು. ವ್ಯಾಪಾರಿಯು ತಿಳಿದೇ ಸಹಿ ಹಾಕಿದ್ದಾರೆಂದು ಕಾನೂನು ಭಾವಿಸುತ್ತದೆ.

'ಅದು ಬರೀ ನಮೂನೆಯ ಮಾತು, ನಾವೇನು ಜಾರಿ ಮಾಡುವುದಿಲ್ಲ' ಎಂದು ಎದುರು ಪಕ್ಷದವರು ಬಾಯಿಮಾತಿನಲ್ಲಿ ಹೇಳುವುದುಂಟು. ಅವರು ಪ್ರಾಮಾಣಿಕವಾಗಿಯೇ ಹೇಳಿರಬಹುದು. ಆದರೆ ಕರಾರನ್ನು ಲಿಖಿತಗೊಳಿಸಿದ ಮೇಲೆ ಅದರ ಷರತ್ತುಗಳಿಗೆ ವಿರುದ್ಧವಾದ ಮೌಖಿಕ ಸಾಕ್ಷ್ಯವನ್ನು, ಕೆಲವು ವಿನಾಯಿತಿಗಳ ಹೊರತು, ಸಾಕ್ಷ್ಯ ಕಾನೂನು ಒಪ್ಪುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ ಈ ನಿಯಮವನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಉಳಿಸಿಕೊಂಡಿದೆ. ಜಾರಿ ಮಾಡದ ಷರತ್ತಾದರೆ ಅದನ್ನು ಹೊಡೆದುಹಾಕಲು ಅವರಿಗೆ ಅಡ್ಡಿಯಿರಬಾರದು. ಹೊಡೆದುಹಾಕಲು ಒಪ್ಪದಿದ್ದರೆ ಉತ್ತರ ಸಿಕ್ಕಂತಾಯಿತು.

ರಾಜ್ಯ ಬದಲಾದಾಗ

ಕರ್ನಾಟಕದಿಂದ ಹೊರಗೆ ನೆಲೆಸಿದವರು ಗಮನಿಸತಕ್ಕ ವಿಶೇಷ ಅಂಶವೊಂದಿದೆ. ಕರಾರು ಅಧಿನಿಯಮ ದೇಶಕ್ಕೆಲ್ಲ ಒಂದೇ ಆದರೂ, ಬಾಡಿಗೆ ಮತ್ತು ಮುದ್ರಾಂಕ ಶುಲ್ಕದ ಕಾನೂನುಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಊರಿನಲ್ಲಿ ಅಣ್ಣನ ಅಂಗಡಿಗೆ ಮಾಡಿಸಿದ ಹನ್ನೊಂದು ತಿಂಗಳ ಬಾಡಿಗೆ ಕರಾರನ್ನು ತರಿಸಿಕೊಂಡು, ಹೆಸರು ಬದಲಿಸಿ ಠಾಣೆಯಲ್ಲಿಯೋ ಪುಣೆಯಲ್ಲಿಯೋ ಬಳಸುವವರಿದ್ದಾರೆ. ನೋಂದಣಿ ಅಧಿನಿಯಮ, 1908ರ ಪ್ರಕಾರ ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ರೂಢಿ ಹುಟ್ಟಿದ್ದು ಅದನ್ನು ತಪ್ಪಿಸಲು. ಮಹಾರಾಷ್ಟ್ರದಲ್ಲಿ ಈ ಲೆಕ್ಕಾಚಾರ ನಡೆಯುವುದಿಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮ, 1999ರ 55ನೇ ಕಲಮಿನಂತೆ ಬಾಡಿಗೆ ಕರಾರೂ 'ಲೀವ್ ಅಂಡ್ ಲೈಸೆನ್ಸ್' ಕರಾರೂ ಲಿಖಿತವಾಗಿ, ನೋಂದಣಿಯಾಗಿ ಇರತಕ್ಕದ್ದು. ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದಲ್ಲಿ ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳುವುದನ್ನೇ, ಬೇರೆ ರೀತಿ ಸಾಬೀತಾಗುವವರೆಗೆ, ನಂಬಲಾಗುತ್ತದೆ.

ಮುದ್ರಾಂಕ ಶುಲ್ಕದ ವಿಷಯದಲ್ಲಿ 'ನೂರು ರೂಪಾಯಿ ಛಾಪಾ ಕಾಗದ ಸಾಕು' ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಶುಲ್ಕ ನಿರ್ಧಾರವಾಗುವುದು ಪತ್ರದ ಸ್ವರೂಪ, ಮೌಲ್ಯ ಮತ್ತು ಆಯಾ ರಾಜ್ಯದ ದರಪಟ್ಟಿಯಿಂದ. ಸಹಿ ಹಾಕುವ ಮುನ್ನ ಆ ರಾಜ್ಯದ ಚಾಲ್ತಿ ದರವನ್ನು ವಿಚಾರಿಸತಕ್ಕದ್ದು. ಶುಲ್ಕ ಕಡಿಮೆಯಾದ ಪತ್ರವನ್ನು ಭಾರತೀಯ ಮುದ್ರಾಂಕ ಅಧಿನಿಯಮ, 1899ರ 35ನೇ ಕಲಮಿನಂತೆ ಸಾಕ್ಷ್ಯವಾಗಿ ಸ್ವೀಕರಿಸಲಾಗದು. ಕೊರತೆಯ ಶುಲ್ಕವನ್ನೂ ಅದರ ಹತ್ತು ಪಟ್ಟಿನವರೆಗೆ ದಂಡವನ್ನೂ ತೆತ್ತು ಸರಿಪಡಿಸಬೇಕು. ಇದು ಸರಿಪಡಿಸಬಹುದಾದ ಲೋಪವೇ ಹೊರತು ಕರಾರನ್ನು ಅನೂರ್ಜಿತಗೊಳಿಸುವುದಿಲ್ಲವೆಂದು 2023ರ ಡಿಸೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠ ಹೇಳಿದೆ. ಛಾಪಾ ಕಾಗದ ಆರು ತಿಂಗಳಿಗೆ ಹಳತಾಗುತ್ತದೆಂಬ ನಂಬಿಕೆಯೂ ಸರಿಯಲ್ಲ. ಕೇಂದ್ರ ಅಧಿನಿಯಮದಲ್ಲಿ ಆ ಆರು ತಿಂಗಳು ಹಣ ಮರಳಿ ಪಡೆಯುವುದಕ್ಕೆ ಮಾತ್ರ ಸಂಬಂಧಿಸಿದ್ದೆಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು.

ಬಿಲ್ಲಿನ ಕೆಳಗೆ 'ದೆಹಲಿ ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಟ್ಟಿದೆ' ಎಂಬ ಸಾಲು ಮಾದರಿಯ ಜೊತೆ ತಾನಾಗಿ ಬಂದಿರುತ್ತದೆ. ಎರಡು ಮೂರು ಊರುಗಳ ನ್ಯಾಯಾಲಯಗಳಿಗೆ ಅಧಿಕಾರವಿದ್ದಾಗ ಪಕ್ಷಕಾರರು ಒಂದನ್ನು ಆರಿಸಿಕೊಳ್ಳಬಹುದು. ಅಧಿಕಾರವೇ ಇಲ್ಲದ ನ್ಯಾಯಾಲಯಕ್ಕೆ ಒಪ್ಪಂದದ ಮೂಲಕ ಅಧಿಕಾರ ಕೊಡಲಾಗದು. 1989ರ ತೀರ್ಪೊಂದರಲ್ಲಿ ಇದು ನಿಷ್ಕರ್ಷೆಯಾಗಿದೆ. ಚೆನ್ನೈನ ವ್ಯಾಪಾರಿಗಳು ಎರಡು ಲಕ್ಷ ರೂಪಾಯಿಗಾಗಿ ದೆಹಲಿಗೆ ಎಷ್ಟು ಸಲ ಓಡಾಡಲು ಸಾಧ್ಯವೆಂಬುದನ್ನು ಸಹಿಗೆ ಮುನ್ನ ಲೆಕ್ಕ ಹಾಕಬೇಕು.

ಭಾಷೆಯ ಪ್ರಶ್ನೆ

ಮಾದರಿಗಳು ಬಹುಪಾಲು ಇಂಗ್ಲಿಷಿನಲ್ಲಿರುತ್ತವೆ. ಕನ್ನಡದಲ್ಲಿ ಕರಾರು ಬರೆಯಲು ಕರಾರು ಅಧಿನಿಯಮದ ಅಡ್ಡಿಯೇನೂ ಇಲ್ಲ. ಬೇರೆ ರಾಜ್ಯದ ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಅನುವಾದ ಬೇಕಾಗುತ್ತದೆ, ಅಷ್ಟೆ. ಕೌಟುಂಬಿಕ ಪಾಲುದಾರಿಕೆಗಳಲ್ಲಿ ಎಲ್ಲ ಪಾಲುದಾರರಿಗೂ ಅರ್ಥವಾಗುವ ಕನ್ನಡ ಪ್ರತಿ ಇರುವುದು ಒಳ್ಳೆಯದೆಂದೇ ಈ ಲೇಖಕರ ಅಭಿಮತ. ಆದರೆ ಎರಡು ಭಾಷೆಗಳ ಪ್ರತಿಗಳಿದ್ದರೆ ವ್ಯತ್ಯಾಸ ಕಂಡಾಗ ಯಾವುದು ಪ್ರಮಾಣ ಎಂಬುದನ್ನು ಅವುಗಳಲ್ಲಿಯೇ ಬರೆದಿರಬೇಕು.

ಅನುವಾದದ ಕೆಲಸದಲ್ಲಿ ತೊಡಗಿರುವವರಿಗೆ ಗೊತ್ತಿರುವಂತೆ, ಕರಾರಿನಲ್ಲಿ ಚಿಕ್ಕ ಕ್ರಿಯಾಪದಗಳೇ ಅಪಾಯಕಾರಿ. 'ಕೊಡತಕ್ಕದ್ದು' ಎಂಬುದು ಹೊಣೆ. 'ಕೊಡಬಹುದು' ಎಂಬುದು ಇಚ್ಛೆ. 'ಕೊಡಲಾಗುವುದು' ಎಂಬುದರಲ್ಲಿ ಕೊಡುವವರು ಯಾರೆಂಬುದೇ ಇಲ್ಲ. ಇಂಗ್ಲಿಷ್ ಕರಾರಿನ 'ಶಲ್' ಎಂಬುದನ್ನು ಮೂರನೆಯ ರೀತಿಯಲ್ಲಿ ಕನ್ನಡಿಸಿದ ಪತ್ರಗಳು ಅನೇಕ. 'ಇಂಡೆಮ್ನಿಟಿ' ಎಂಬುದನ್ನು 'ಪರಿಹಾರ' ಎಂದು ಬರೆದುಬಿಟ್ಟರೆ, ತನ್ನ ತಪ್ಪಿಗೆ ತಾನು ಕೊಡುವ ಪರಿಹಾರವೆಂದು ಓದುವವರು ತಿಳಿಯುತ್ತಾರೆ. ಎದುರು ಪಕ್ಷಕ್ಕೆ ಮೂರನೆಯವರಿಂದ ಬರುವ ನಷ್ಟವನ್ನೂ ಭರ್ತಿಮಾಡುವ ಭಾಷೆ ಅದಾಗಿರಬಹುದು; ಅದಕ್ಕೆ 'ನಷ್ಟಭರ್ತಿ' ಎಂಬ ಪದವೇ ಸೂಕ್ತ. 'ಕಾಲವೇ ಈ ಕರಾರಿನ ಸಾರ' ಎಂಬ ಅನುವಾದ ಕಾವ್ಯದಂತೆ ಕೇಳಿಸುತ್ತದೆ. ಅದರ ಅರ್ಥ ಮಾತ್ರ ಕಠಿಣ: 55ನೇ ಕಲಮಿನ ಪ್ರಕಾರ, ಹೇಳಿದ ದಿನಕ್ಕೆ ಕೆಲಸ ಮುಗಿಯದಿದ್ದರೆ ಎದುರು ಪಕ್ಷದವರು ಕರಾರನ್ನೇ ರದ್ದುಪಡಿಸಬಹುದು. ಇಂತಹ ಸಾಲಿನ ಎದುರಿಗೆ ಪೆನ್ಸಿಲಿನಲ್ಲಿ 'ಯಾರು, ಯಾರಿಗೆ, ಎಷ್ಟು, ಯಾವಾಗ' ಎಂದು ಬರೆದುಕೊಂಡು ಓದಿದರೆ, ಉತ್ತರ ಸಿಗದ ಕಡೆಯಲ್ಲಿ ತಿದ್ದುಪಡಿ ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಸಹಿ ಹಾಕುವಾಗ

ಬೇಡವಾದ ಷರತ್ತನ್ನು ಗೆರೆ ಎಳೆದು ಹೊಡೆದು, ಇಬ್ಬರೂ ಅಂಚಿನಲ್ಲಿ ಕಿರುಸಹಿ ಹಾಕತಕ್ಕದ್ದು. ಭರ್ತಿಮಾಡದ ಜಾಗವನ್ನು ಖಾಲಿ ಬಿಡದೆ ಅಡ್ಡಗೆರೆ ಎಳೆಯಬೇಕು. ಪ್ರತಿ ಪುಟಕ್ಕೂ ಸಹಿ ಇರಲಿ. 'ಅನುಬಂಧ ಒಂದರಲ್ಲಿ ತಿಳಿಸಿದಂತೆ' ಎಂದಿದ್ದು ಅನುಬಂಧವೇ ಲಗತ್ತಾಗಿರದ ಕರಾರುಗಳು ಸಾಕಷ್ಟಿವೆ. ಮಾದರಿಯಲ್ಲಿ ಅನುಬಂಧದ ಉಲ್ಲೇಖ ಉಳಿದು ಕಾಗದ ಹಿಂದಿನ ಕಡತದಲ್ಲೇ ಉಳಿದಿರುತ್ತದೆ. ಕಂಪನಿಯ ಪರವಾಗಿ ಸಹಿ ಹಾಕುವವರಿಗೆ ಅಧಿಕಾರ ಕೊಟ್ಟ ನಿರ್ಣಯದ ಪ್ರತಿಯನ್ನು ಕೇಳಿ ಪಡೆಯಬೇಕು. ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಸಂಸ್ಥೆಯ ನೋಂದಣಿ ಆಗಿದೆಯೇ ನೋಡಬೇಕು. ನೋಂದಣಿಯಾಗದ ಸಂಸ್ಥೆಯು ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲು 1932ರ ಅಧಿನಿಯಮದ 69ನೇ ಕಲಮು ಬಿಡುವುದಿಲ್ಲ. ಹೊರಗಿನವರು ಸಂಸ್ಥೆಯ ಮೇಲೆ ಹೂಡಲು ಅಡ್ಡಿಯಿಲ್ಲ.

ಮೂಲ ಪ್ರತಿಗಳನ್ನು ಎರಡು ಮಾಡಿಸಿ ತಲಾ ಒಂದನ್ನು ಇಟ್ಟುಕೊಳ್ಳುವುದು ವಾಡಿಕೆ. ಮುದ್ರಾಂಕ ಶುಲ್ಕ ಎರಡಕ್ಕೂ ಅನ್ವಯಿಸುವುದೆಂಬುದನ್ನು ನೆನಪ್ಪಿಡಬೇಕು. ಮುಂದೆ ದರ ಅಥವಾ ಅವಧಿ ಬದಲಾದರೆ ದೂರವಾಣಿಯ ಮಾತಿನಲ್ಲಿ ಮುಗಿಸದೆ, ಮೂಲ ಕರಾರಿನ ದಿನಾಂಕವನ್ನು ನಮೂದಿಸಿದ ಪೂರಕ ಕರಾರನ್ನು ಮಾಡಿಕೊಳ್ಳತಕ್ಕದ್ದು. ಕರಾರು ಭಂಗವಾದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ದಾವೆ ಹೂಡಬೇಕೆಂದು ಕಾಲಮಿತಿ ಅಧಿನಿಯಮ, 1963 ವಿಧಿಸುವುದರಿಂದ, ಕರಾರಿನ ಅವಧಿ ಮುಗಿದ ಮೇಲೂ ಕನಿಷ್ಠ ಅಷ್ಟು ಕಾಲ ಮೂಲ ಪತ್ರವನ್ನೂ, ಬಿಲ್ಲುಗಳನ್ನೂ, ಊಟ ಅಥವಾ ಸರಕು ತಲುಪಿದ್ದಕ್ಕೆ ಪಡೆದ ಸಹಿಗಳ ಪುಸ್ತಕವನ್ನೂ ಒಂದೇ ಕಡತದಲ್ಲಿ ಕಾಯ್ದಿಡಬೇಕು.